ಒಂದು ಕೈಯಿಂದ ಚಪ್ಪಾಳೆಯಾಗದು

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಂಥ ಊರುಗಳಿಗೆ ದೊಡ್ಡ ನಗರಗಳಿಗಿಲ್ಲದ ಭಾಗ್ಯವೊಂದಿದೆ. ಅಮಾವಾಸ್ಯೆಯ ರಾತ್ರಿ ಊರ ಕೊನೆಯ ಬೀದಿದೀಪ ದಾಟಿ ಹೊಲದ ಬದುವಿನ ಮೇಲೆ ನಿಂತರೆ ಸಾಕು, ಆಕಾಶಗಂಗೆ ಕಣ್ಣಿಗೆ ಬೀಳುತ್ತದೆ. ಮೇ ತಿಂಗಳ ಮಧ್ಯದಲ್ಲಿ ರಾತ್ರಿ ಒಂಬತ್ತು-ಹತ್ತರ ವೇಳೆಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ಚಾಚಿದ ಕೈಯ ಮುಷ್ಟಿಗಿಂತ ತುಸು ಎತ್ತರದಲ್ಲಿ ನಾಲ್ಕು ನಕ್ಷತ್ರಗಳ ಶಿಲುಬೆಯಾಕಾರದ ಪುಂಜವೊಂದು ಕಾಣುತ್ತದೆ. ನಮ್ಮವರು ಇದನ್ನು ತ್ರಿಶಂಕು ಎನ್ನುತ್ತಾರೆ. ಇಂಗ್ಲೆಂಡಿನವರಿಗೆ ತಮ್ಮ ನೆಲದಿಂದ ಇದು ಎಂದೂ ಕಾಣದು.

ತ್ರಿಶಂಕುವಿನ ಎಡ ಮಗ್ಗುಲಲ್ಲಿ, ಆಕಾಶಗಂಗೆಯ ಹಾಲು ಬಣ್ಣದ ನಡುವೆ, ಯಾರೋ ಇದ್ದಿಲು ಸವರಿದಂತೆ ಒಂದು ಕಪ್ಪು ಮಚ್ಚೆಯಿದೆ. ಅದಕ್ಕೆ ಕೋಲ್‌ಸ್ಯಾಕ್, ಅಂದರೆ ಇದ್ದಿಲ ಚೀಲ ಎಂದೇ ಹೆಸರು. ಅಲ್ಲಿ ನಕ್ಷತ್ರಗಳಿಲ್ಲವೆಂದಲ್ಲ. ಸುಮಾರು 600 ಜ್ಯೋತಿರ್ವರ್ಷ ದೂರದಲ್ಲಿ ಅನಿಲ ಮತ್ತು ಧೂಳಿನ ಮೋಡವೊಂದು ಅಡ್ಡ ನಿಂತು ಹಿಂದಿನ ಬೆಳಕನ್ನು ಮರೆ ಮಾಡಿದೆ, ಅಷ್ಟೆ. ಅಂಥ ಸಾವಿರಾರು ಮೋಡಗಳು ನಮ್ಮ ಗೆಲಾಕ್ಸಿಯಲ್ಲಿವೆ. ಅವುಗಳಲ್ಲಿ ಹೆಚ್ಚು ದಟ್ಟವಾದವುಗಳ ಒಡಲಲ್ಲಿ ಉಷ್ಣತೆ ಸುಮಾರು 10 ಕೆಲ್ವಿನ್, ಅಂದರೆ ಸೊನ್ನೆಗಿಂತ 263 ಡಿಗ್ರಿ ಸೆಲ್ಸಿಯಸ್ ಕೆಳಗೆ. ಇಷ್ಟು ಚಳಿಯಲ್ಲಿ, ಇಷ್ಟು ಕತ್ತಲಲ್ಲಿ ಒಂದು ಅಡುಗೆಮನೆ ನಡೆಯುತ್ತಿದೆ ಎಂದರೆ ನಂಬುವುದು ಕಷ್ಟ. ಆದರೆ ಹೈಡ್ರೊಜನ್ ಅಣು, ನೀರು, ಮೆಥನಾಲ್ ಇವೆಲ್ಲ ಅಲ್ಲಿ ತಯಾರಾಗುತ್ತಿವೆ. ಒಲೆಯಿಲ್ಲದ ಆ ಅಡುಗೆಮನೆಯ ಪಾತ್ರೆಯೇ ಧೂಳಿನ ಕಣ.

ಕಣ ಎಷ್ಟು ದೊಡ್ಡದು?

ಬೇಸಿಗೆಯಲ್ಲಿ ಇಟ್ಟಿಗಿಯ ಮಣ್ಣುದಾರಿಯಲ್ಲಿ ಟ್ರ್ಯಾಕ್ಟರ್ ಹೋದಾಗ ಏಳುವ ಧೂಳಿಗೂ ಈ ಧೂಳಿಗೂ ಹೆಸರೊಂದೇ, ಗಾತ್ರ ಬೇರೆ. ಅಂತರತಾರಾ ಧೂಳಿನ ಒಂದು ಸಾಧಾರಣ ಕಣದ ತ್ರಿಜ್ಯ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಅಂಥ ನೂರಾರು ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ತಲೆಗೂದಲಿನ ದಪ್ಪವಾದೀತು. ಒಳಗಿರುವುದು ಮುಖ್ಯವಾಗಿ ಎರಡು ಬಗೆಯ ವಸ್ತು: ನಮ್ಮ ಕಲ್ಲುಬಂಡೆಗಳಲ್ಲಿರುವಂಥ ಸಿಲಿಕೇಟ್ ಹಾಗೂ ಮಸಿಯಂಥ ಇಂಗಾಲ. ಮುಪ್ಪಾದ ನಕ್ಷತ್ರಗಳು ತಮ್ಮ ಹೊರಪದರಗಳನ್ನು ಊದಿ ಹೊರಹಾಕುವಾಗ ಆ ಬಿಸಿ ಅನಿಲ ತಣಿದು ಇಂಥ ಕಣಗಳು ಹರಳುಗಟ್ಟುತ್ತವೆ.

ಮೋಡದ ಒಟ್ಟು ದ್ರವ್ಯರಾಶಿಯಲ್ಲಿ ಧೂಳಿನ ಪಾಲು ನೂರಕ್ಕೆ ಒಂದು ಮಾತ್ರ. ಲೆಕ್ಕ ಹಾಕಿದರೆ ಸುಮಾರು ಒಂದು ಲಕ್ಷ ಕೋಟಿ ಹೈಡ್ರೊಜನ್ ಪರಮಾಣುಗಳಿಗೆ ಒಂದೇ ಒಂದು ಕಣ. ಹಾಗಾದರೆ ಇಷ್ಟು ಅಪರೂಪದ ವಸ್ತು ಮಾಡುವುದಾದರೂ ಏನನ್ನು? ಅದಕ್ಕೆ ಉತ್ತರ ಅದರ ಮೈಮೇಲಿದೆ. ಪರಮಾಣುವಿನ ಅಳತೆಯಲ್ಲಿ ನೋಡಿದರೆ ಆ ಪುಟ್ಟ ಕಣದ ಮೇಲ್ಮೈ ವಿಶಾಲವಾದ ಬಯಲು. ಒಂದು ಪರಮಾಣು ಕೂರಬಹುದಾದ ಸುಮಾರು ಹತ್ತು ಲಕ್ಷ ತಾಣಗಳು ಅಲ್ಲಿವೆ.

ಬಾಣಲೆಯೊಳಗಿನ ಗೋಲಿ

ವಿಶ್ವದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಅಣು ಹೈಡ್ರೊಜನ್ ಅಣು. ಎರಡು ಹೈಡ್ರೊಜನ್ ಪರಮಾಣುಗಳು ಸೇರಿದರಾಯಿತು, ಇದರಲ್ಲಿ ಕಷ್ಟವೇನು ಎಂದು ಎಂಟನೆಯ ತರಗತಿಯ ವಿದ್ಯಾರ್ಥಿಯೂ ಕೇಳಬಹುದು. ಕಷ್ಟವಿದೆ. ನುಣುಪಾದ ಬಾಣಲೆಯ ಅಂಚಿನಿಂದ ಒಂದು ಗೋಲಿಯನ್ನು ಒಳಕ್ಕೆ ಬಿಟ್ಟು ನೋಡಿ. ಅದು ತಳಕ್ಕೆ ಉರುಳಿ, ಅದೇ ವೇಗದಲ್ಲಿ ಎದುರಿನ ಅಂಚಿಗೆ ಏರುತ್ತದೆ. ಘರ್ಷಣೆ ಒಂದಿಷ್ಟೂ ಇಲ್ಲದಿದ್ದರೆ ಆ ಅಂಚನ್ನು ದಾಟಿ ಹೊರಗೇ ಬೀಳುತ್ತದೆ. ಗೋಲಿ ತಳದಲ್ಲಿ ನಿಲ್ಲಬೇಕಾದರೆ ಅದರ ಶಕ್ತಿಯನ್ನು ಯಾರಾದರೂ ಕಸಿದುಕೊಳ್ಳಬೇಕು.

ಎರಡು ಪರಮಾಣುಗಳು ಹತ್ತಿರ ಬಂದಾಗಲೂ ಇದೇ ಕಥೆ. ಬಂಧ ಉಳಿಯಬೇಕಾದರೆ ಬಿಡುಗಡೆಯಾದ ಶಕ್ತಿ ಎಲ್ಲಿಗಾದರೂ ಹೋಗಬೇಕು. ಭೂಮಿಯ ಗಾಳಿಯಲ್ಲಿ ಇದು ಸಮಸ್ಯೆಯಲ್ಲ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ 25ರ ಮುಂದೆ 18 ಸೊನ್ನೆ ಬರೆದಷ್ಟು ಅಣುಗಳಿವೆ. ಅದೇ ಕ್ಷಣಕ್ಕೆ ಮೂರನೆಯದೊಂದು ಬಂದು ಡಿಕ್ಕಿ ಹೊಡೆದು ಹೆಚ್ಚುವರಿ ಶಕ್ತಿಯನ್ನು ಒಯ್ಯುತ್ತದೆ. ಆದರೆ ದಟ್ಟ ಮೋಡ ಎಂದು ನಾವು ಕರೆಯುವ ಜಾಗದಲ್ಲೂ ಘನ ಸೆಂಟಿಮೀಟರಿಗೆ ಇರುವುದು ಹತ್ತು ಸಾವಿರದಿಂದ ಲಕ್ಷದಷ್ಟು ಅಣುಗಳು ಮಾತ್ರ. ಮೂವರು ಏಕಕಾಲಕ್ಕೆ ಸೇರುವ ಮಾತೇ ಇಲ್ಲ. ಬೆಳಕಿನ ರೂಪದಲ್ಲಿ ಶಕ್ತಿ ಹೊರಬೀಳಲಿ ಎಂದರೆ, ಎರಡು ಒಂದೇ ಬಗೆಯ ಪರಮಾಣುಗಳ ಈ ಜೋಡಿಗೆ ಆ ದಾರಿಯೂ ಬಹುಮಟ್ಟಿಗೆ ಮುಚ್ಚಿದೆ.

ಆಗ ನೆರವಿಗೆ ಬರುವುದು ಧೂಳಿನ ಕಣ. ಪರಮಾಣುಗಳು ಅದರ ಮೈಗೆ ಅಂಟಿ, ಅಲೆದು, ಒಂದನ್ನೊಂದು ಕೂಡಿದಾಗ ಹೊರಟ ಶಕ್ತಿಯ ಒಂದಂಶವನ್ನು ಕಣ ಹೀರಿಕೊಳ್ಳುತ್ತದೆ. ಅಣು ಉಳಿಯುತ್ತದೆ. ಮೇಲ್ಮೈಯ ಈ ಮಹಿಮೆ ನಮ್ಮ ರೈತರಿಗೂ ಪರೋಕ್ಷವಾಗಿ ಗೊತ್ತು. ಮೆಕ್ಕೆಜೋಳಕ್ಕೆ ಹಾಕುವ ಯೂರಿಯಾದ ಮೂಲವಸ್ತು ಅಮೋನಿಯ. ಪಣಂಬೂರಿನಂಥ ಗೊಬ್ಬರ ಕಾರ್ಖಾನೆಗಳಲ್ಲಿ ಸಾರಜನಕ ಮತ್ತು ಹೈಡ್ರೊಜನ್ ಕೂಡಿ ಅಮೋನಿಯವಾಗುವುದು ಕಬ್ಬಿಣದ ಕ್ರಿಯಾವರ್ಧಕದ ಮೇಲ್ಮೈಯಲ್ಲಿ. ಅಲ್ಲಿ ನೂರಾರು ಡಿಗ್ರಿ ಬಿಸಿ, ಭಾರೀ ಒತ್ತಡ. ಇಲ್ಲಿ ಮೈ ಕೊರೆಯುವ ಚಳಿ, ಹೆಚ್ಚುಕಡಿಮೆ ನಿರ್ವಾತ. ತತ್ತ್ವ ಮಾತ್ರ ಹತ್ತಿರದ್ದು: ಜೋಡಿಯಾಗಲು ಒಂದು ನೆಲ ಬೇಕು.

ಬೆಂಗಳೂರಿನ ತಟ್ಟೆ

ಧೂಳಿನ ಮೇಲೆ ಅಣುಗಳು ಹುಟ್ಟಬಹುದೆಂಬ ವಿಚಾರವನ್ನು 1940ರ ದಶಕದಲ್ಲೇ ಹಾಲೆಂಡಿನ ಫಾನ್ ಡ ಹುಲ್ಸ್ಟ್ ಮುಂದಿಟ್ಟರು. 1963ರಲ್ಲಿ ಗೌಲ್ಡ್ ಮತ್ತು ಸಾಲ್ಪೀಟರ್, 1971ರಲ್ಲಿ ಹಾಲೆನ್‌ಬಾಕ್ ಮತ್ತು ಸಾಲ್ಪೀಟರ್ ಅದಕ್ಕೆ ಲೆಕ್ಕದ ಅಡಿಪಾಯ ಹಾಕಿದರು. 1970ರಲ್ಲಿ ಜಾರ್ಜ್ ಕ್ಯಾರುದರ್ಸ್ ರಾಕೆಟ್ಟಿನಲ್ಲಿ ಕಳಿಸಿದ ಅತಿನೇರಿಳೆ ಉಪಕರಣ ಅಂತರತಾರಾ ಹೈಡ್ರೊಜನ್ ಅಣುವನ್ನು ಮೊದಲ ಬಾರಿಗೆ ಪತ್ತೆ ಮಾಡಿತು. ಅದೇ ವರ್ಷ ವಿಲ್ಸನ್, ಜೆಫರ್ಟ್ಸ್ ಮತ್ತು ಪೆಂಜಿಯಾಸ್ ಒರಾಯನ್ ಮೋಡದಲ್ಲಿ ಇಂಗಾಲದ ಮೊನಾಕ್ಸೈಡನ್ನು ಕಂಡರು.

ಈ ಎರಡನೆಯ ಶೋಧ ಬಹಳ ಉಪಕಾರಿಯಾಯಿತು. ಚಳಿಯ ಮೋಡದೊಳಗೆ ಹೈಡ್ರೊಜನ್ ಅಣು ಮೌನಿ, ರೇಡಿಯೊ ದೂರದರ್ಶಕಗಳಿಗೆ ಕೇಳಿಸುವಂಥದ್ದೇನನ್ನೂ ಅದು ಹೊರಡಿಸುವುದಿಲ್ಲ. ಆದರೆ ಅದರ ಜೊತೆಯಲ್ಲೇ ಇರುವ ಇಂಗಾಲದ ಮೊನಾಕ್ಸೈಡ್ 2.6 ಮಿಲಿಮೀಟರ್ ತರಂಗದೂರದಲ್ಲಿ ಸ್ಪಷ್ಟವಾಗಿ ಮಾತಾಡುತ್ತದೆ. ಮಾತಾಡುವವನನ್ನು ಕೇಳಿ ಮೌನಿಯ ಇರವನ್ನು ತಿಳಿಯುವುದು ಖಗೋಳಜ್ಞರ ರೂಢಿಯಾಯಿತು.

ಈ ಮಾತು ಕೇಳುವ ಕಿವಿಯೊಂದು ಕರ್ನಾಟಕದಲ್ಲೂ ಇತ್ತು. ಸಿ. ವಿ. ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯ ಆವರಣದಲ್ಲಿ, 10.4 ಮೀಟರ್ ವ್ಯಾಸದ, ಮಿಲಿಮೀಟರ್ ತರಂಗಗಳನ್ನು ಹಿಡಿಯುವ ದೂರದರ್ಶಕದ ತಟ್ಟೆಯೊಂದು ಕೆಲಸ ಮಾಡುತ್ತಿತ್ತು. ದಕ್ಷಿಣದ ಆಕಾಶದಲ್ಲಿ ಗಮ್ ನೀಹಾರಿಕೆ ಎಂಬುದೊಂದಿದೆ. ಅದರ ಸುತ್ತ ಧೂಮಕೇತುವಿನಂತೆ ತಲೆ-ಬಾಲಗಳುಳ್ಳ ಪುಟ್ಟ ಕಪ್ಪು ಮೋಡಗಳು ಹರಡಿಕೊಂಡಿವೆ. ಉತ್ತರದ ದೇಶಗಳಿಗೆ ಸರಿಯಾಗಿ ಕಾಣದ ಇವು ಬೆಂಗಳೂರಿನ ಆಕಾಶದಲ್ಲಿ ಸಾಕಷ್ಟು ಮೇಲೇರುತ್ತವೆ. ಟಿ. ಕೆ. ಶ್ರೀಧರನ್ ಆ ತಟ್ಟೆಯ ನೆರವಿನಿಂದ ಈ ಮೋಡಗಳಲ್ಲಿನ ಅಣುಗಳ ಸಂಕೇತ ಹಿಡಿದು, ಅವುಗಳ ವೇಗ ಅಳೆದರು. 1992ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಆ ಮೋಡಗಳ ಗುಂಪು ಒಂದು ಸಮಾನ ಕೇಂದ್ರದಿಂದ ಸೆಕೆಂಡಿಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹರಡುತ್ತಿದೆ. ಈ ಹರಡುವಿಕೆ ಶುರುವಾಗಿ ಸುಮಾರು 60 ಲಕ್ಷ ವರ್ಷಗಳಾಗಿವೆ.

ದೂರದರ್ಶಕ ಹೇಳುವುದು ಇಂದು ಯಾವ ಅಣು ಎಷ್ಟಿದೆ ಎಂಬುದನ್ನು. ಅವು ಹೇಗೆ ಬಂದವು ಎಂಬುದನ್ನು ಅದು ಹೇಳದು. ಲಕ್ಷಾಂತರ ವರ್ಷ ನಡೆಯುವ ಕ್ರಿಯೆಯನ್ನು ಯಾವ ಪ್ರಯೋಗಶಾಲೆಯಲ್ಲೂ ಆರಂಭದಿಂದ ಕೊನೆಯವರೆಗೆ ನಡೆಸಿ ನೋಡಲಾಗದು. ಆದ್ದರಿಂದ ಗಣಿತದ ಮಾದರಿ ಬೇಕು.

ಮಾದರಿ ಎಂದರೇನು?

ಒಳ್ಳೆಯ ಶಾನುಭೋಗನ ಲೆಕ್ಕದ ಪುಸ್ತಕದಂತೆ ಮಾದರಿಯೂ ಒಂದು ಜಮಾ-ಖರ್ಚು. ಕಣದ ಮೇಲೆ ಪರಮಾಣು ಬಂದು ಕೂರುವುದು ಜಮಾ. ಎದ್ದು ಹೋಗುವುದು ಖರ್ಚು. ಇನ್ನೊಂದರೊಡನೆ ಕೂಡಿ ಅಣುವಾಗುವುದು ಮತ್ತೊಂದು ಬಗೆಯ ಖರ್ಚು. ಇವುಗಳ ನಡುವೆ ಅದು ತಾಣದಿಂದ ತಾಣಕ್ಕೆ ಅಲೆಯುತ್ತಿರುತ್ತದೆ. ಬರುವುದು, ತಂಗುವುದು, ಅಲೆಯುವುದು, ಕೂಡುವುದು, ಹೋಗುವುದು ಈ ಐದರ ವೇಗ ಗೊತ್ತಾದರೆ ಲೆಕ್ಕ ಬರೆಯಬಹುದು.

ಬರೆಯುವ ವಿಧಾನವೂ ಪಿಯುಸಿ ರಸಾಯನಶಾಸ್ತ್ರದಲ್ಲೇ ಇದೆ. ಒಂದೇ ಬಗೆಯ ಎರಡು ಕಣಗಳು ಕೂಡುವ ಕ್ರಿಯೆಯ ವೇಗವು ಸಾರತೆಯ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಸಾರತೆ ಎರಡರಷ್ಟಾದರೆ ವೇಗ ನಾಲ್ಕರಷ್ಟು. ಬೀಕರಿನಲ್ಲಿ, ಕಾರ್ಖಾನೆಯ ತೊಟ್ಟಿಯಲ್ಲಿ ಈ ನಿಯಮ ಚೆನ್ನಾಗಿ ನಡೆಯುತ್ತದೆ. ಖಗೋಳ ರಸಾಯನಜ್ಞರೂ ಇದನ್ನೇ ಧೂಳಿನ ಕಣಕ್ಕೆ ಹಚ್ಚಿದರು. ಕಣವೊಂದರ ಮೇಲಿರುವ ಪರಮಾಣುಗಳ ಸರಾಸರಿ ಸಂಖ್ಯೆ ತೆಗೆದುಕೋ, ವರ್ಗ ಮಾಡು, ವೇಗದ ಸ್ಥಿರಾಂಕದಿಂದ ಗುಣಿಸು. ಗಣಕಯಂತ್ರಕ್ಕೆ ಇದು ಸುಲಭದ ಕೆಲಸ. ನೂರಾರು ಬಗೆಯ ಅಣುಗಳ ಲೆಕ್ಕವನ್ನೂ ಒಟ್ಟಿಗೆ ಮಾಡಬಹುದು. ಆದರೆ ಉತ್ತರ ಕೆಲವೊಮ್ಮೆ ದಾರಿ ತಪ್ಪುತ್ತಿತ್ತು. ಏಕೆ?

ಕಟ್ಟೆಯ ಮೇಲಿನ ಪಯಣಿಗ

ಲೆಕ್ಕವನ್ನೇ ಮಾಡಿ ನೋಡೋಣ. ದಟ್ಟ ಮೋಡದಲ್ಲಿ ಹೈಡ್ರೊಜನ್ನಿನ ಬಹುಪಾಲು ಆಗಲೇ ಅಣುಗಳಾಗಿರುತ್ತದೆ. ಬಿಡಿ ಪರಮಾಣುಗಳು ಘನ ಸೆಂಟಿಮೀಟರಿಗೆ ಒಂದರಷ್ಟು ಉಳಿದಿರುತ್ತವೆ. 10 ಕೆಲ್ವಿನ್‌ನಲ್ಲಿ ಅವುಗಳ ವೇಗ ಸೆಕೆಂಡಿಗೆ ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ನಮ್ಮ ಸಾಧಾರಣ ಕಣದ ಗಾತ್ರಕ್ಕೆ ಲೆಕ್ಕ ಹಾಕಿದರೆ ಒಂದು ಪರಮಾಣು ಬಂದು ತಾಗಲು ಸುಮಾರು 19 ಗಂಟೆ ಬೇಕು. ದಿನಕ್ಕೊಂದು ಎನ್ನೋಣ. ಬಂದ ಪರಮಾಣು ಎಷ್ಟು ಹೊತ್ತು ಕೂರುತ್ತದೆ? 1990ರ ದಶಕದ ಮಾದರಿಗಳಲ್ಲಿ ಬಳಕೆಯಲ್ಲಿದ್ದ ಬಂಧನಶಕ್ತಿಯ ಬೆಲೆಯ ಪ್ರಕಾರ ಕೆಲವು ನಿಮಿಷದಿಂದ ಅರ್ಧ ಗಂಟೆ. ಅರ್ಧ ಗಂಟೆ ಎಂದೇ ಇಟ್ಟುಕೊಳ್ಳೋಣ.

ಈಗ ಕಣದ ಬದಲು ಊರಾಚೆಯ ಒಂದು ಅರಳಿಕಟ್ಟೆಯನ್ನು ಊಹಿಸಿಕೊಳ್ಳಿ. ದಿನಕ್ಕೆ ಸರಾಸರಿ ಒಬ್ಬ ಪಯಣಿಗ, ಯಾವ ಹೊತ್ತಿಗಾದರೂ, ಬಂದು ಅರ್ಧ ಗಂಟೆ ಕೂತು ಹೋಗುತ್ತಾನೆ. ಅವನಿಗೆ ಮಾತಿಗೆ ಜೊತೆ ಸಿಗುವ ಸಂಭವ ಎಷ್ಟು? ದಿನದಲ್ಲಿ 48 ಅರ್ಧ ಗಂಟೆಗಳಿವೆ. ಎರಡನೆಯವನು ಸರಿಯಾಗಿ ಅದೇ ಅರ್ಧ ಗಂಟೆಯೊಳಗೆ ಬರಬೇಕು. ಅಂದರೆ 48ರಲ್ಲಿ ಒಂದು ಸಲ. ಉಳಿದ 47 ಸಲ ಅವನು ಒಬ್ಬನೇ ಕೂತು ಎದ್ದು ಹೋಗುತ್ತಾನೆ.

ಸರಾಸರಿಯ ಲೆಕ್ಕ ಹೇಳುವುದೇ ಬೇರೆ. ಪರಮಾಣು ಕಣದ ಮೇಲೆ ಬಹು ವೇಗವಾಗಿ ಅಲೆಯುತ್ತದೆಂದು ಆ ಮಾದರಿಗಳು ಎಣಿಸಿದ್ದವು. ಹತ್ತು ಲಕ್ಷ ತಾಣಗಳನ್ನು ಸುತ್ತಲು ಅದಕ್ಕೆ ಸೆಕೆಂಡೂ ಬೇಡ. ಹೀಗಾಗಿ ಕೂಡುವ ವೇಗದ ಸ್ಥಿರಾಂಕ ಭಾರೀ ದೊಡ್ಡದು. ಸೂತ್ರದಲ್ಲಿ ಹಾಕಿದರೆ, ಬಂದ ಪರಮಾಣುಗಳೆಲ್ಲ ಬಹುತೇಕ ಜೋಡಿಯಾದವು ಎಂಬ ಉತ್ತರ ಬರುತ್ತದೆ. 48 ಪರಮಾಣು ಬಂದರೆ 24 ಅಣು. ಕಟ್ಟೆಯ ಲೆಕ್ಕದಲ್ಲಿ ಸಿಗುವುದು ಸುಮಾರು ಒಂದು. ಒಂದೆಲ್ಲಿ, ಇಪ್ಪತ್ತನಾಲ್ಕೆಲ್ಲಿ?

ತಪ್ಪು ಎಲ್ಲಿ ಹೊಕ್ಕಿತು ಎಂದು ತಿಳಿಯಲು ಹೈಸ್ಕೂಲಿನ ಬೀಜಗಣಿತ ಸಾಕು. ಒಂದು ಕೋಣೆಯಲ್ಲಿರುವ ಜನರು ಪರಸ್ಪರ ಕೈಕುಲುಕಬೇಕು. 1,000 ಜನರಿದ್ದರೆ ಪ್ರತಿಯೊಬ್ಬನಿಗೂ 999 ಕೈಗಳು ಸಿಗುತ್ತವೆ. ಒಟ್ಟು 1,000 × 999, ಅಂದರೆ 9,99,000. ಇಬ್ಬರ ಕೈಕುಲುಕನ್ನು ಎರಡು ಸಲ ಎಣಿಸಿದ್ದರಿಂದ ಇದರ ಅರ್ಧ ಸರಿಯಾದ ಉತ್ತರ. ಅದಿರಲಿ. ಸೋಮಾರಿಯೊಬ್ಬ 999ರ ಬದಲು 1,000 ಎಂದೇ ಹಾಕಿ ವರ್ಗ ಮಾಡಿದರೆ 10,00,000 ಬರುತ್ತದೆ. ವ್ಯತ್ಯಾಸ ಸಾವಿರಕ್ಕೆ ಒಂದು, ಯಾರೂ ಗಮನಿಸುವುದಿಲ್ಲ. ಇಬ್ಬರೇ ಇದ್ದರೆ? ಸರಿಯಾದ ಸಂಖ್ಯೆ 2 × 1 = 2, ವರ್ಗ 4. ಒಬ್ಬನೇ ಇದ್ದರೆ? ಸರಿಯಾದ ಸಂಖ್ಯೆ 1 × 0 = 0, ವರ್ಗ 1. ಒಬ್ಬನೇ ಮನುಷ್ಯ ತನ್ನ ಕೈಯನ್ನು ತಾನೇ ಕುಲುಕಿಕೊಂಡದ್ದನ್ನೂ ಸೂತ್ರ ಲೆಕ್ಕಕ್ಕೆ ಸೇರಿಸಿದೆ!

ಒಂದು ಕೈಯಿಂದ ಚಪ್ಪಾಳೆಯಾಗದು ಎಂಬುದು ನಮ್ಮಲ್ಲಿ ಹಸುಳೆಗೂ ಗೊತ್ತಿರುವ ಗಾದೆ. ಸೂತ್ರಕ್ಕೆ ಅದು ಗೊತ್ತಿರಲಿಲ್ಲ. ಬೀಕರಿನಲ್ಲಿ ಕೋಟಿ ಕೋಟಿ ಅಣುಗಳಿರುವುದರಿಂದ ಆ ಅಜ್ಞಾನ ಮುಚ್ಚಿಹೋಗಿತ್ತು. ಸರಾಸರಿ ಒಂದಕ್ಕಿಂತ ಕಡಿಮೆ ಪರಮಾಣುವಿರುವ ಧೂಳಿನ ಕಣದ ಮೇಲೆ ಅದು ಬಯಲಾಯಿತು.

ಒಂದೊಂದಾಗಿ ಎಣಿಸುವುದು

ಪರಿಹಾರಗಳು ಹಲವು ಬಂದವು. ಮೊದಲನೆಯದು ನೇರ ದಾರಿ: ಸರಾಸರಿಯನ್ನು ಬಿಟ್ಟು ಪ್ರತಿ ಪರಮಾಣುವನ್ನೂ ಒಂದೊಂದಾಗಿ ಹಿಂಬಾಲಿಸುವುದು. ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನು ಗಣಕಯಂತ್ರ ದಾಳ ಉರುಳಿಸಿದಂತೆ ಯಾದೃಚ್ಛಿಕ ಸಂಖ್ಯೆಗಳಿಂದ ನಿರ್ಧರಿಸುತ್ತದೆ. ಜೂಜಿನ ಮನೆಗಳಿಗೆ ಹೆಸರಾದ ಊರೊಂದರ ಹೆಸರಿನಿಂದ ಇದನ್ನು ಮಾಂಟೆ ಕಾರ್ಲೊ ವಿಧಾನ ಎನ್ನುತ್ತಾರೆ. ಧೂಳಿನ ಕಣಗಳ ರಸಾಯನಕ್ಕೆ ಟೀಲೆನ್ಸ್ ಮತ್ತು ಹಾಗೆನ್ 1982ರಲ್ಲೇ ಇಂಥ ವಿಧಾನ ಬಳಸಿದ್ದರು. ಇದು ಪ್ರಾಮಾಣಿಕ, ಆದರೆ ನಿಧಾನ. 1998ರಲ್ಲಿ ಕಸೆಲ್ಲಿ, ಹಸೆಗಾವ ಮತ್ತು ಹರ್ಬ್ಸ್ಟ್ ಹಳೆಯ ಸೂತ್ರಕ್ಕೇ ತಿದ್ದುಪಡಿ ತಂದರು. 2001ರಲ್ಲಿ ಜೆರುಸಲೇಮಿನ ಒಫರ್ ಬಿಹಾಮ್ ಮತ್ತು ಸಂಗಡಿಗರು, ಖಾಲಿ ಕಣಗಳೆಷ್ಟು, ಒಂದು ಪರಮಾಣುವಿರುವ ಕಣಗಳೆಷ್ಟು, ಎರಡಿರುವ ಕಣಗಳೆಷ್ಟು ಎಂಬ ಸಂಭವನೀಯತೆಗಳ ಖಾತೆಯನ್ನು ಬೇರೆ ಬೇರೆಯಾಗಿ ಇಡುವ ಸಮೀಕರಣಗಳನ್ನು ಕೊಟ್ಟರು. ಇಲ್ಲಿ ಜೋಡಿಯಾಗುವ ಹಕ್ಕು ಎರಡೋ ಹೆಚ್ಚೋ ಇರುವ ಕಣಗಳಿಗೆ ಮಾತ್ರ.

ನಮ್ಮ ದೇಶದವರೂ ಹಿಂದೆ ಬೀಳಲಿಲ್ಲ. ಕೋಲ್ಕತ್ತದಲ್ಲಿ ಸಂದೀಪ್ ಕುಮಾರ್ ಚಕ್ರವರ್ತಿ ಮತ್ತು ಅವರ ಸಂಗಡಿಗರು 2006ರಲ್ಲಿ ಇನ್ನೊಂದು ಸೂಕ್ಷ್ಮವನ್ನು ತೋರಿಸಿದರು. ಗೊತ್ತುಗುರಿಯಿಲ್ಲದೆ ಅಲೆಯುವ ಪರಮಾಣು ಹೊಸ ತಾಣಕ್ಕೇ ಹೋಗಬೇಕೆಂದಿಲ್ಲ, ನೋಡಿದ ತಾಣಕ್ಕೇ ಮತ್ತೆ ಮತ್ತೆ ಮರಳಬಹುದು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಒಂದೇ ಸಾಲಿನಲ್ಲಿ ಸುತ್ತಿದಂತೆ. ಹಾಗಾಗಿ ಜೊತೆಗಾರ ಸಿಗಲು ಹಿಡಿಯುವ ಕಾಲವನ್ನು ಕಣದ ನಿಜವಾದ ವಿಸ್ತೀರ್ಣದಿಂದ ಅಳೆಯದೆ, ಪರಿಣಾಮದಲ್ಲಿ ಅದು ಎಷ್ಟಾಗುತ್ತದೆಂದು ನೋಡಿ ಅಳೆಯಬೇಕು.

ಚಳಿಯ ಪಾತ್ರವನ್ನೂ ಮರೆಯಬಾರದು. ಮೇಲೆ ಹೇಳಿದ ಮಾದರಿಗಳ ಬಂಧನಶಕ್ತಿಯನ್ನೇ ಇಟ್ಟುಕೊಂಡು ಕಣವನ್ನು 10ರಿಂದ 9 ಕೆಲ್ವಿನ್‌ಗೆ ಇಳಿಸಿದರೆ ಪರಮಾಣು ತಂಗುವ ಕಾಲ ಸುಮಾರು 50 ಪಟ್ಟು ಹೆಚ್ಚುತ್ತದೆ. ಅರ್ಧ ಗಂಟೆ ಹೋಗಿ ಒಂದು ದಿನವಾಗುತ್ತದೆ, ಜೊತೆಗಾರ ಸಿಗುವ ಸಂಭವ ಅರ್ಧಕ್ಕರ್ಧ. 11ಕ್ಕೆ ಏರಿಸಿದರೆ ತಂಗುವುದು ಒಂದು ನಿಮಿಷ ಚಿಲ್ಲರೆ. ನಮಗೆ ಗೊತ್ತೇ ಆಗದ ಒಂದು ಡಿಗ್ರಿ ಅಲ್ಲಿ ಅಡುಗೆಯ ಗತಿಯನ್ನೇ ಬದಲಿಸುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಇದಕ್ಕೆ ಗಣಕಯಂತ್ರವೇ ಬೇಕೆಂದಿಲ್ಲ. ಒಂದು ತಟ್ಟೆ, ಕೆಲವು ಮೆಕ್ಕೆಜೋಳದ ಕಾಳು, ಮೂರು ನಾಣ್ಯ ಸಾಕು. ತಟ್ಟೆ ಧೂಳಿನ ಕಣ, ಕಾಳು ಪರಮಾಣು. ಪ್ರತಿ ಸರದಿಯಲ್ಲಿ ಎರಡು ಕೆಲಸ. ಮೊದಲು, ತಟ್ಟೆಯಲ್ಲಿ ಕಾಳಿದ್ದರೆ ಒಂದು ನಾಣ್ಯ ಚಿಮ್ಮಿ. ತಲೆ ಬಿದ್ದರೆ ಕಾಳನ್ನು ತೆಗೆಯಿರಿ, ಅದು ಹಾರಿಹೋಯಿತು. ನಂತರ ಉಳಿದೆರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿ. ಎರಡೂ ತಲೆಯಾದರೆ ಹೊಸ ಕಾಳನ್ನು ಹಾಕಿ. ತಟ್ಟೆಯಲ್ಲಿ ಎರಡು ಕಾಳು ಸೇರಿದ ಕೂಡಲೇ ಎರಡನ್ನೂ ತೆಗೆದು "ಒಂದು ಅಣು" ಎಂದು ಬರೆದುಕೊಳ್ಳಿ.

ತಂದೆಯೋ ತಾಯಿಯೋ ನಾಣ್ಯ ಚಿಮ್ಮಲಿ, ಮಕ್ಕಳು ಲೆಕ್ಕ ಬರೆಯಲಿ. ನೂರು ಸರದಿಯಲ್ಲಿ ಸುಮಾರು 25 ಕಾಳು ಬರುತ್ತವೆ. ಎಲ್ಲವೂ ಜೋಡಿಯಾಗಿದ್ದರೆ 12 ಅಣುಗಳಾಗಬೇಕಿತ್ತು. ಆಗುವುದು ಸುಮಾರು 4. ಒಬ್ಬೊಬ್ಬರಿಗೆ ಎರಡೋ ಆರೋ ಬರಬಹುದು, ಆದರೆ ಇಡೀ ತರಗತಿಯ ಮಕ್ಕಳ ಲೆಕ್ಕ ಕೂಡಿಸಿದರೆ ನಾಲ್ಕರ ಹತ್ತಿರ ಬರುತ್ತದೆ. ಮುಂದಿನ ಹೆಜ್ಜೆಯಾಗಿ, ಹತ್ತು ಮಕ್ಕಳು ತಮ್ಮ ತಮ್ಮ ನಾಣ್ಯಗಳನ್ನು ಚಿಮ್ಮುತ್ತ, ಕಾಳುಗಳನ್ನು ಮಾತ್ರ ಒಂದೇ ದೊಡ್ಡ ತಟ್ಟೆಗೆ ಹಾಕಲಿ. ಆಗ ಬಂದ ಕಾಳುಗಳೆಲ್ಲ ಹೆಚ್ಚುಕಡಿಮೆ ಜೋಡಿಯಾಗುವುದನ್ನು ಕಾಣಬಹುದು. ದೊಡ್ಡ ತಟ್ಟೆಗೆ ಹಳೆಯ ಸೂತ್ರ ಸರಿ, ಚಿಕ್ಕ ತಟ್ಟೆಗೆ ತಪ್ಪು.

ಸೂರ್ಯನಿಗಿಂತ ಹಳೆಯ ನೀರು

ಇಷ್ಟೆಲ್ಲ ಲೆಕ್ಕದಿಂದ ಆಗುವುದೇನು ಎಂದು ಹಿರಿಯರು ಕೇಳಬಹುದು. ಆಗುವುದುಂಟು. ಅಲೆಮಾರಿ ಹೈಡ್ರೊಜನ್ ಪರಮಾಣು ಕಣದ ಮೇಲೆ ಆಮ್ಲಜನಕದ ಪರಮಾಣುವನ್ನು ಕಂಡರೆ ಅದಕ್ಕೆ ಅಂಟುತ್ತದೆ. ಇನ್ನೊಂದು ಹೈಡ್ರೊಜನ್ ಬಂದರೆ ನೀರು. ಇಂಗಾಲದ ಮೊನಾಕ್ಸೈಡಿಗೆ ಒಂದಾದ ಮೇಲೊಂದರಂತೆ ನಾಲ್ಕು ಹೈಡ್ರೊಜನ್ ಸೇರಿದರೆ ಮೆಥನಾಲ್. ಜಪಾನಿನ ವತನಾಬೆ ಮತ್ತು ಕೌಚಿ 2002ರಲ್ಲಿ ಈ ಸರಣಿ 10 ಕೆಲ್ವಿನ್‌ನ ಹಿಮದ ಮೇಲೆ ನಿಜವಾಗಿ ನಡೆಯುವುದನ್ನು ಪ್ರಯೋಗಶಾಲೆಯಲ್ಲಿ ತೋರಿಸಿದರು. ಹೀಗೆ ಕಣದ ಸುತ್ತ ಹಿಮದ ಕವಚ ಬೆಳೆಯುತ್ತದೆ. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಕಮೀಲಿಯನ್ ಎಂಬ ದಕ್ಷಿಣದ ಮೋಡದೊಳಗೆ ಇಣುಕಿ ಹೆಪ್ಪುಗಟ್ಟಿದ ನೀರು, ಮೆಥನಾಲ್, ಅಮೋನಿಯ, ಮೀಥೇನ್‌ಗಳ ಗುರುತುಗಳನ್ನು ಒಟ್ಟಿಗೇ ಕಂಡಿತು.

ಇನ್ನೊಂದು ಸಂಗತಿಯಿದೆ. ನಮ್ಮ ಸಮುದ್ರದ ನೀರಿನಲ್ಲಿ ಸುಮಾರು 6,400 ಹೈಡ್ರೊಜನ್ ಪರಮಾಣುಗಳಿಗೆ ಒಂದು ಡ್ಯುಟೀರಿಯಮ್, ಅಂದರೆ ಭಾರದ ಹೈಡ್ರೊಜನ್ ಇದೆ. ಸೂರ್ಯ ಹುಟ್ಟಿದ ಅನಿಲದಲ್ಲಿ ಇದು ಸುಮಾರು 50 ಸಾವಿರಕ್ಕೆ ಒಂದು ಮಾತ್ರ. ಭಾರದ ಹೈಡ್ರೊಜನ್ ಹೀಗೆ ನೀರಿನಲ್ಲಿ ಕೂಡಿಕೊಳ್ಳುವುದು ಕಡು ಚಳಿಯಲ್ಲಿ. 2014ರಲ್ಲಿ ಅಮೆರಿಕದ ಇಲ್ಸಾ ಕ್ಲೀವ್ಸ್ ಮತ್ತು ಸಂಗಡಿಗರು ಮಾದರಿಗಳ ನೆರವಿನಿಂದ ಒಂದು ಪ್ರಶ್ನೆ ಕೇಳಿದರು. ಸೂರ್ಯನ ಸುತ್ತಲಿನ ತಟ್ಟೆಯಲ್ಲೇ ಎಲ್ಲ ನೀರೂ ಹೊಸದಾಗಿ ತಯಾರಾಗಿದ್ದರೆ ಇಷ್ಟು ಡ್ಯುಟೀರಿಯಮ್ ಬರಲು ಸಾಧ್ಯವೇ? ಸಾಧ್ಯವಿಲ್ಲ ಎಂದು ಉತ್ತರ ಬಂತು. ಸೌರಮಂಡಲದ ನೀರಿನಲ್ಲಿ ಗಣನೀಯ ಪಾಲು ಸೂರ್ಯನಿಗಿಂತ ಹಳೆಯದು, ಹಿಂದಿನ ಮೋಡದ ಧೂಳಿನ ಮೇಲೆ ಹುಟ್ಟಿದ ಹಿಮ ಎಂದು ಅವರು ತೀರ್ಮಾನಿಸಿದರು. ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ. ತುಂಗಭದ್ರೆಯಿಂದ ತುಂಬಿದ ಕೊಡದಲ್ಲಿ ಅದಕ್ಕೂ ಹಿರಿಯ ನೀರಿದೆ ಎಂದಾಯಿತು.

ವಿದ್ಯಾರ್ಥಿಗಳಿಗೂ ಪೋಷಕರಿಗೂ ಇದರಲ್ಲೊಂದು ಪಾಠವಿದೆ. ತರಗತಿಯ ಸರಾಸರಿ ಅಂಕ 60 ಎಂದರೆ ತರಗತಿಯ ವಿಚಾರ ತಿಳಿಯುತ್ತದೆ, ಕೊನೆಯ ಬೆಂಚಿನ ಒಬ್ಬ ಹುಡುಗಿಯ ವಿಚಾರ ತಿಳಿಯುವುದಿಲ್ಲ. ಅವಳ ಉತ್ತರ ಪತ್ರಿಕೆಯನ್ನೇ ತೆರೆಯಬೇಕು. ಪರೀಕ್ಷೆಯ ಗೈಡುಗಳು ಸೂತ್ರವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ, ಅದು ಯಾವಾಗ ಸಲ್ಲುತ್ತದೆ ಎಂಬ ಷರತ್ತನ್ನು ಬಿಟ್ಟುಬಿಡುತ್ತವೆ. ಕ್ರಿಯಾವೇಗದ ಸೂತ್ರ ಬರೆದ ಮೇಲೆ ಟಿಪ್ಪಣಿ ಪುಸ್ತಕದಲ್ಲಿ ಇನ್ನೊಂದು ಸಾಲನ್ನು ಬರೆದುಕೊಳ್ಳುವುದು ಒಳ್ಳೆಯದು: "ಅಣುಗಳು ಬಹಳವಿದ್ದಾಗ ಮಾತ್ರ." ವಿಶ್ವದ ಅತಿ ಚಿಕ್ಕ ಪಾತ್ರೆಯಲ್ಲಿ ಅಡುಗೆ ಹೇಗೆ ನಡೆಯುತ್ತದೆ ಎಂದು ತಿಳಿಯಲು ವಿಜ್ಞಾನಿಗಳಿಗೆ ನೆರವಾದದ್ದು ಆ ಒಂದು ಸಾಲೇ.